ಹದಿನಾಲ್ಕನೆಯ ನಲ್ಲಿ

ಒತಾರು ಊರಿನ ಏರುಬೀದಿಯಲ್ಲಿ
ನಿವೃತ್ತಿಯ ಮೊದಲ ಚಳಿಗಾಲ.
ನಲವತ್ತೊಂದು ವರ್ಷ ಗಾಜಿನ ಕುಲುಮೆಯ ಮುಂದೆ ನಿಂತ
ಶಿಗೆಮೊರಿಗೆ ಈಗಲೂ ಐದಕ್ಕೇ ಎಚ್ಚರ,
ಎದ್ದು ಮಾಡಲು ಏನೂ ಇಲ್ಲ.
ಹೆಂಡತಿ ಗುಡಿಸುವಾಗ ಕಾಲೆತ್ತುತ್ತಾನೆ,
ಅಷ್ಟೇ ಅವನ ಸಹಾಯ.

"ಕೇರಿಯ ಸಂಘದಲ್ಲಿ ಜನ ಸಾಲದಂತೆ," ಅಂದಳು ಅವಳು
ಮೂಲಂಗಿ ಹೆಚ್ಚುತ್ತ, ಅವನತ್ತ ನೋಡದೆ.

ಹೋದ. ಕೊಟ್ಟರು ಒಂದು ನಲ್ಲಿ:
ಬೆಂಕಿ ಬಿದ್ದರೆ ಅಗ್ನಿಶಾಮಕದವರು ಹುಡುಕುವ
ಕೆಂಪು ಕಬ್ಬಿಣದ ಕಂಬ, ಸಂಖ್ಯೆ ಹದಿನಾಲ್ಕು.
ಹಿಮ ಬಿದ್ದಾಗಲೆಲ್ಲ ಅದನ್ನು ಅಗೆದು ಹೊರಗೆ ತೆಗೆಯಬೇಕು.
ಸಂಬಳ ಇಲ್ಲ. ಒಂದು ಜೊತೆ ಕೈಗವಸು,
ಅದೂ ಬಲಗೈಯದು ಹರಿದದ್ದು.

ಇಷ್ಟು ದಿನ ನೋಡಿಕೊಂಡವಳು ಶಿಮೋಯ್ದೆ ಅಜ್ಜಿ,
ಎಂಬತ್ತಮೂರು. ಸೊಂಟ ಈ ವರ್ಷ ಒಲ್ಲೆ ಅಂದಿದೆ.
ಕರೆಯುವ ಹಸುವನ್ನು ಬೇರೆ ಕೈಗೆ ಕೊಡುವವಳಂತೆ
ಅನುಮಾನದಿಂದಲೇ ಸಲಿಕೆ ಒಪ್ಪಿಸಿದಳು:
"ಸುತ್ತ ಒಂದು ಮಾರು ಬಿಡಿಸು. ಬುಡ ಕಾಣಲಿ.
ಸಲಿಕೆ ತಾಗಿಸಬೇಡ, ಬಣ್ಣ ಏಳುತ್ತೆ.
ಯಾರೂ ನೋಡಲ್ಲ.
ನೋಡಿದವರು ಪಾಪ ಅಂತಾರೆ, ಕಿವಿ ಕೊಡಬೇಡ."

ಮೊದಲ ವಾರ ಅವನಿಗೇ ನಗು.
ಜೀವಮಾನವಿಡೀ ಬೆಂಕಿಯೊಳಗೆ ಉಸಿರೂದಿ
ಮೀನುಬಲೆಗೆ ಗಾಜಿನ ತೇಲುಗುಂಡು ಮಾಡಿದವನು
ಈಗ ಬೆಂಕಿಯ ವೈರಿಯ ಮನೆಗೆ ಆಳು!
ಅಗೆದ. ರಾತ್ರಿ ಮತ್ತೆ ಬಿತ್ತು.
ಅಗೆದ. ಮಧ್ಯಾಹ್ನ ಮತ್ತೆ ಬಿತ್ತು.
ಗಾಜಾದರೆ ತಣಿದ ಮೇಲೆ ಬೆಳಕಿಗೆ ಹಿಡಿದು
ಗುಳ್ಳೆ ಇದೆಯೋ ನೋಡಬಹುದು.
ಇದೆಂಥ ಕೆಲಸ,
ಮುಗಿದ ಗಳಿಗೆಯಿಂದಲೇ ಮುಚ್ಚಿಹೋಗುವುದು?

ಆಮೇಲೆ ಯಾವತ್ತೋ
(ದಿನಾಂಕ ಅವನಿಗೂ ನೆನಪಿಲ್ಲ)
ಐದಕ್ಕೆ ಎಚ್ಚರವಾದಾಗ
ಕಿಟಕಿಯಾಚೆಯ ಮೌನದ ದಪ್ಪ ಕೇಳಿಯೇ
ತಿಳಿಯಿತು ಎಷ್ಟು ಬಿದ್ದಿದೆ ಎಂದು.
ಕಾಲು ತಾನಾಗಿ ಬೂಟು ಹುಡುಕಿತು.

ನಲ್ಲಿಗೆ ಹೋಗುವ ದಾರಿ ದಿನೇದಿನೇ ಉದ್ದವಾಯಿತು.
ಪೇಪರು ಹಾಕುವ ಹುಡುಗಿ ಜಾರದಿರಲೆಂದು ನಾಲ್ಕು ಮೆಟ್ಟಿಲು,
ಅಜ್ಜಿಯ ಬಾಗಿಲು, ಅವಳು ಕೇಳದಿದ್ದರೂ,
ಮತ್ತೆ ಮೀನಿನ ಕಾರ್ಖಾನೆಯ ಥುವಾನ್,
ಹನೋಯಿಯ ಆಚೆಗಿನ ಯಾವುದೋ ಹಳ್ಳಿಯವನು,
ಹಿಮ ಕಂಡದ್ದೇ ಈ ವರ್ಷ,
ಅನ್ನದ ಪಾತ್ರೆಯ ಮುಚ್ಚಳ ಹಿಡಿದು ಸೈಕಲ್ಲು ಅಗೆಯುತ್ತಿದ್ದ.
"ಸೊಂಟದಿಂದಲ್ಲ, ಮೊಣಕಾಲಿನಿಂದ ಎತ್ತು"
ಎಂದು ಗದರುವಾಗ ಶಿಗೆಮೊರಿಗೆ ಕೇಳಿಸಿತು
ತನ್ನ ಗಂಟಲಲ್ಲಿ ಅಜ್ಜಿಯ ದನಿ.
ಮರುದಿನ ಆ ಹುಡುಗ ನಲ್ಲಿಯ ಹತ್ತಿರ
ಅವನಿಗಿಂತ ಮೊದಲೇ ನಿಂತಿದ್ದ, ಮುಚ್ಚಳದ ಸಮೇತ.

ಬೆಂಕಿ ಬೀಳಲಿಲ್ಲ.
ಆ ಚಳಿಗಾಲ ಪೂರ್ತಿ ಆ ಕೇರಿಯಲ್ಲಿ ಒಂದು ಕಿಡಿಯೂ ಇಲ್ಲ.
ನಲ್ಲಿಯ ಮೂತಿಯನ್ನು ಯಾರೂ ಬಿಚ್ಚಲಿಲ್ಲ.

ಮಾರ್ಚ್ ಕೊನೆಗೆ ಸಂಘದ ಪುಸ್ತಕ ಮನೆಗೆ ಬಂತು.
ಹದಿನಾಲ್ಕರ ಎದುರು "ವಿಶೇಷ" ಎಂಬ ಖಾಲಿ ಅಂಕಣ.
ತುಂಬ ಹೊತ್ತು ಪೆನ್ನು ಹಿಡಿದು ಕೂತ.
"ಏನೂ ಆಗಲಿಲ್ಲ" ಎಂದು ಬರೆದ.
ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು,
ತಣಿದ ಗುಂಡನ್ನು ತಿರುಗಿಸಿ ನೋಡುವ ಹಾಗೆ
ನೋಡಿದ.
ಗುಳ್ಳೆ ಇಲ್ಲ.

ಆಮೇಲೆ ಅಂಗಡಿಗೆ ಹೋಗಿ
ಕೆಂಪು ಬಣ್ಣದ ಚಿಕ್ಕ ಡಬ್ಬಿ ತಂದ.
ಸಲಿಕೆ ಎರಡು ಕಡೆ ತಾಗಿತ್ತು,
ಅಜ್ಜಿಗೆ ಗೊತ್ತಾಗಬಾರದು.