ಹನ್ನೊಂದನೆಯದು

ಆಸ್ಪತ್ರೆಗೆ ಹೊರಟ ದಿನ ವ್ಲಾಸ್ತಿಮಿಲ್
ಬೀಗದ ಕೈ ಜೊತೆ ಒಂದು ಚೀಟಿ ಕೊಟ್ಟ.
ದಿನಕ್ಕೆ ಒಂದೂವರೆ ಲೀಟರು ಸಿಹಿನೀರು ಸುರಿ;
ಉಪ್ಪು ಬೇಡ, ಆವಿಯಾಗುವುದು ನೀರು ಮಾತ್ರ.
ಹತ್ತಕ್ಕೆ ದೀಪ ತಾನೇ ಆರುತ್ತದೆ.
ಹವಳ ಮುಟ್ಟಬೇಡ.
ಕೊನೆಗೆ, ಕೆಳಗೆ ಎರಡು ಗೆರೆ ಎಳೆದು:
ಹುಳುಗಳು ಹನ್ನೊಂದು. ಬಿದ್ದರೆ ಎತ್ತು.

ಓಸ್ತ್ರಾವಾ ಊರಿಗೆ ಸಮುದ್ರವಿಲ್ಲ.
ಇರುವುದು ನೆಲದಡಿಯ ಕತ್ತಲೆ, ಮುಚ್ಚಿದ ಗಣಿಗಳು.
ಅಲ್ಲಿ ಇಪ್ಪತ್ತೇಳು ವರ್ಷ ಕಲ್ಲಿದ್ದಲು ಕೆರೆದವನ
ನಾಲ್ಕನೇ ಮಹಡಿಯ ಕೋಣೆಯಲ್ಲಿ
ಮುನ್ನೂರು ಲೀಟರಿನ ಒಂದು ಕಡಲು,
ಪಂಪಿನ ಗೊರಗೊರ,
ಕೆಳಮನೆಯವರ ದೂರು.

ದ್ರಾಹುಶೆ ಎದುರು ಮನೆಯವಳು, ಟ್ರಾಮು ಓಡಿಸುವವಳು.
ಕೊನೆಯ ಪಾಳಿ ಮುಗಿಸಿ, ಬೂಟು ಹೊಸ್ತಿಲಲ್ಲೇ ಬಿಟ್ಟು,
ಟಾರ್ಚು ಹಿಡಿದು ಎಣಿಸುತ್ತಾಳೆ.
ಗಾಜಿನ ಮೇಲೆ ಮೂರು. ಪಂಪಿನ ಮೂತಿಯ ಹತ್ತಿರ ಎರಡು.
ಬಂಡೆಯ ಸಂದಿನಲ್ಲಿ, ಇರು, ನಾಲ್ಕೋ ಐದೋ.
ದಿನವೂ ಒಂದು ತಪ್ಪುತ್ತದೆ, ಮತ್ತೆ ಮೊದಲಿನಿಂದ.

ಗಾಜಿಗೊತ್ತಿದ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ.
ಒಳಗಿರುವುದು ನಾಲಗೆಯಲ್ಲ, ಅರ.
ಹಸಿರು ಪಾಚಿಯ ಪರದೆಯಲ್ಲಿ ಅದು ಹೋದ ದಾರಿ
ಅಂಕುಡೊಂಕಾಗಿ ತಿಳಿಯಾಗುತ್ತದೆ,
ಮಂಜು ಕವಿದ ಟ್ರಾಮಿನ ಕಿಟಕಿಯನ್ನು
ಮಗುವೊಂದು ತೋಳಿನಿಂದ ಒರೆಸಿದ ಹಾಗೆ.
ಆ ದಾರಿಯೊಳಗಿಂದ
ಆಚೆಯ ನೇರಳೆ ಬಂಡೆ ಕಾಣುತ್ತದೆ.

ಕನ್ನಡವೆಂಬ ಮಾತಿದೆಯೆಂದೇ ಅವಳಿಗೆ ಗೊತ್ತಿಲ್ಲ.
ಆ ಮಾತಿನಲ್ಲಿ ಇದು ಬಸವನಹುಳು;
ಎರಡು ಕೊಂಬು ಕಂಡು
ಯಾವುದೋ ಮಗು ಇಟ್ಟ ಹೆಸರಿರಬೇಕು.
ಆದರೂ ಅವಳಿಗೆ ಹೊಳೆದದ್ದು ಅದೇ:
ಮೇಯುತ್ತಿವೆ.
ಕೊರಳಗಂಟೆಯಿಲ್ಲದ ಮಂದೆ,
ಕಾಯಲು ನಿಂತವಳು ನಾನು, ಕೋಲೂ ಇಲ್ಲ.

ಮೂರನೇ ರಾತ್ರಿ ಒಂದು ಬಿದ್ದಿತ್ತು.
ಗೋಪುರ ಮರಳಲ್ಲಿ ಹೂತು, ಪಾದ ಮೇಲಾಗಿ,
ಯಾವುದನ್ನೋ ಹುಡುಕುತ್ತ ಬರಿನೀರನ್ನು ತಡವುತ್ತ.
ಕೆಲವು ಜಾತಿಗೆ ಹೊರಳುವ ವಿದ್ಯೆ ಗೊತ್ತು.
ಇದಕ್ಕಿಲ್ಲ.
ಅವಳು ತೋಳು ಮಡಚಿದಳು. ಸಾಲದೆ ಮತ್ತೂ ಮಡಚಿದಳು.
ಹೊರಗೆ ಜನವರಿ, ಮೈನಸ್ ಹನ್ನೆರಡು;
ಒಳಗೆ ಮೊಣಕೈಯವರೆಗೂ ಬೆಚ್ಚನೆಯ ಉಪ್ಪು.
ಬೆರಳಿಗೆ ಪಾದ ಅಂಟಿಕೊಂಡಿತು,
ಬಿಡಿಸಿಕೊಳ್ಳಲು ಅವಳಿಗೆ ಅವಸರವಿರಲಿಲ್ಲ.

ಎಣಿಕೆ ಯಾಕೆಂದು ಅವನು ಒಮ್ಮೆ ಹೇಳಿದ್ದ:
ಗಣಿಯ ಬಾಗಿಲಲ್ಲಿ ಮೊಳೆಗೆ ಹಿತ್ತಾಳೆ ಬಿಲ್ಲೆಗಳು,
ತಲೆಗೊಂದು.
ಪಾಳಿ ಮುಗಿದು ಎಲ್ಲವೂ ತಾಳೆಯಾದ ಮೇಲೆಯೇ ಬಿಯರು.
ಒಂದು ಸಲ ತಾಳೆಯಾಗಲಿಲ್ಲ.
ಅಷ್ಟು ಹೇಳಿ ಅವನು
ಮೀನಿಗೆ ಕಾಳು ಹಾಕಲು ಎದ್ದಿದ್ದ.

ಹಿಮ ಬಿದ್ದು ಹಳಿಯ ಕವಲು ಹೆಪ್ಪುಗಟ್ಟಿದ ರಾತ್ರಿ
ಅವಳು ಡಿಪೋದ ಬೆಂಚಿನ ಮೇಲೆಯೇ ಮಲಗಿದಳು.
ಮರುದಿನ ಎಣಿಸಿದರೆ ಹನ್ನೊಂದೇ ಇತ್ತು.
ಆದರೆ ಒಂದು ಓಡುತ್ತಿತ್ತು.

ಸನ್ಯಾಸಿ ಏಡಿ!
ಹೆಸರಿಗೆ ಸನ್ಯಾಸಿ, ಕಣ್ಣು ಪರರ ಮನೆಯ ಮೇಲೆ.
ಮನೆ ಸರಿಯಾಗಿ ಒಪ್ಪಿತ್ತು ಬೇರೆ.
ಬೈದಳು, ಅತ್ತಳು (ಸ್ವಲ್ಪ),
ಆಮೇಲೆ ಅದನ್ನೂ ಲೆಕ್ಕಕ್ಕೆ ಸೇರಿಸಿದಳು.

ಮೂರು ವಾರದ ಮೇಲೆ ಅವನು ಬಂದ.
ಲಿಫ್ಟು ಕೆಟ್ಟಿತ್ತು.
ಪ್ರತಿ ಮಹಡಿಯಲ್ಲೂ ನಿಂತು, ಗೋಡೆ ಹಿಡಿದು,
ಶ್ವಾಸಕೋಶದಲ್ಲಿ ಉಳಿದಷ್ಟನ್ನು ಎಳೆದುಕೊಂಡು.
ಕೋಟು ಕಳಚದೆ ತೊಟ್ಟಿಯ ಮುಂದೆ ಕೂತ.
ಹೊಸದಾಗಿ ಅರಳಿದ ಹವಳವನ್ನು ನೋಡಲೇ ಇಲ್ಲ.
ತುಟಿ ಮಾತ್ರ ಅಲುಗುತ್ತಿತ್ತು.

‘ಹನ್ನೊಂದು,’ ಎಂದಳು ಅವಳು, ಮೊದಲೇ, ಬಾಗಿಲಿಂದ.

ಅವನು ಬಹಳ ಹೊತ್ತು ನೋಡಿದ.
‘ಹನ್ನೊಂದನೆಯದಕ್ಕೆ ಕಾಲಿದೆ, ದ್ರಾಹುಶೆ.’

ಆಮೇಲೆ ಬಂದದ್ದು ಕೆಮ್ಮೋ ನಗುವೋ
ಅವಳಿಗೆ ತಿಳಿಯುವ ಮೊದಲೇ
ಕೋಟಿನ ತೋಳು ಸಮೇತ ಅವನು
ಕೈಯನ್ನು ನೀರಿಗಿಳಿಸಿಬಿಟ್ಟಿದ್ದ.
ಹಿಂದಿನ ಮೂಲೆಯಲ್ಲಿ
ಇನ್ನೊಂದು ಬಿದ್ದಿತ್ತು.