ಚಿಲಕ ಒಳಗಡೆ

ಗುತ್ತಲು ರಸ್ತೆ, ಸೈಕಲ್ ಶಾಪಿನ ಮೇಲೆ ಆ ರೂಮು.
ಹದಿನೇಳು ಮೆಟ್ಟಿಲು. ಎಣಿಸಿದ್ದೇನೆ.
ಎಲ್ಲಿ ಹೋದರೂ ಮೆಟ್ಟಿಲು, ಬಾಗಿಲು, ಕಿಟಕಿ
ಎಣಿಸಿಟ್ಟುಕೊಳ್ಳುವುದು
ಅವನು ನನಗೆ ಕಲಿಸಿದ ಒಂದೇ ವಿದ್ಯೆ.

ಮೊದಲ ದಿನ ಹದಿನೈದರಲ್ಲೇ ನಿಂತೆ.
ಸಫೂರಾ ಮೇಡಂ ತಾವೇ ಹೊರಗೆ ಬಂದು
ಹದಿನಾರರ ಮೇಲೆ ಗೋಡೆಗೆ ಒತ್ತಿ ಕೂತರು,
ಇಳಿಯುವ ದಾರಿ ಪೂರಾ ನನಗೆ ಬಿಟ್ಟು.
ಕೆಳಗೆ ಯಾರೋ ಟ್ಯೂಬಿಗೆ ಗಾಳಿ ತುಂಬುತ್ತಿದ್ದ.

ಏನಾಯಿತು ಅಂತ ಕೇಳಲಿಲ್ಲ.
ಅದನ್ನು ಎಲ್ಲರೂ ಕೇಳಿ ಮುಗಿಸಿದ್ದರು:
ಸ್ಟೇಷನ್ನಿನಲ್ಲಿ ಮೂರು ಸಲ, ಆಸ್ಪತ್ರೆಯಲ್ಲಿ ಎರಡು,
ಕಟ್ಟೆಯ ನ್ಯಾಯದಲ್ಲಿ ಊರೆದುರು ಒಂದು.
“ಅಂಥಾದ್ದೇನಾಗೋಯ್ತು ಬುಡವ್ವ” ಅಂದಿದ್ದಳು ಅತ್ತಿಗೆ.
ಇವರು ಕೇಳಿದ್ದು, “ಕುರ್ಚಿ ಎಲ್ಲಿ ಹಾಕೋಣ?”

ನಲವತ್ತಮೂರು ವರ್ಷಕ್ಕೆ
ಮೊದಲ ಸಲ.

ಬಾಗಿಲಿಗೆ ಮುಖ ಮಾಡಿ ಹಾಕಿಕೊಂಡೆ.
ಮುಂದಿನ ವಾರ ಕಿಟಕಿ ಪಕ್ಕ.
ಒಂದು ಸಲ ಎತ್ತಿಕೊಂಡು ಹೋಗಿ
ಮೆಟ್ಟಿಲ ತುದಿಗೇ ಇಟ್ಟುಬಿಟ್ಟೆ. ಆಗಲಿ ಅಂದರು.
ಆಮೇಲೆ ಚಿಲಕ ತೋರಿಸಿದರು, ಒಳಗಡೆ ಇದೆ,
ಹಾಕಿ ನೋಡಿ, ತೆಗೆದು ನೋಡಿ, ಬೇಕಾದಷ್ಟು ಸಲ.
ಆ ಮಧ್ಯಾಹ್ನವೆಲ್ಲ ನನಗೆ ಅದೇ ಕೆಲಸ.
ಟಕ್, ಟಕ್.
ನನ್ನ ಸಂಸಾರದ ಚಿಲಕ
ಹೊರಗಡೆ ಇತ್ತು.

ಗಾಳಿ ತಿರುಗಿದರೆ ಫ್ಯಾಕ್ಟರಿಯ ಕಾಕಂಬಿ ವಾಸನೆ ಬರುತ್ತದೆ.
ಪಾಳಿ ಮುಗಿಸಿ ಬರುವಾಗ ಅವನ ಅಂಗಿಗೆ ಅದೇ ಇರುತ್ತಿತ್ತು.
ಒಂದು ದಿನ ಬಂತು. ನಾನು ಅಲ್ಲಿಗೆ ಹೋದೆ.
ನಾಲಿಗೆ ಹಲಗೆಯಾಯಿತು, ಕಿವಿಯಲ್ಲಿ ಬೀಗದ ಸದ್ದು.
“ಪಾದದ ಕೆಳಗೆ ಏನಿದೆ?”
ದೂರದಿಂದ ಯಾರೋ ಕೇಳಿದ ಹಾಗೆ.
ನೆಲ.
“ಎಂಥ ನೆಲ?”
ಕೆಂಪು. ತಣ್ಣಗಿದೆ.
“ವಾರ ಯಾವುದು?”
ಗುರುವಾರ.
“ಅವನು?”
ಸುತ್ತ ನೋಡಿದೆ. ಕ್ಯಾಲೆಂಡರು, ನೀರಿನ ಹೂಜಿ, ಮೇಡಮ್ಮಿನ ಕನ್ನಡಕ.
ಇಲ್ಲಿಲ್ಲ, ಅಂದೆ.
ಗಟ್ಟಿಯಾಗಿಯೇ ಅಂದೆ ಅನಿಸುತ್ತದೆ,
ಕೆಳಗೆ ಪಂಪಿನ ಸದ್ದು ನಿಂತಿತು.

ಸಂಕ್ರಾಂತಿಯ ಮುಂಚೆ ನಾವು ಆರು ಜನ ಸೇರಿದೆವು.
ನೆನೆಸಿದ ಅವರೆಕಾಳು, ದೊಡ್ಡ ಬೋಸಿ.
ಮಾತಾಡಬೇಕೆಂದೇನಿರಲಿಲ್ಲ, ಹಿತುಕಿದರೆ ಸಾಕು.
ಕೆರಗೋಡಿನ ದೇವೀರಮ್ಮ ಬಾಯೇ ಬಿಡುವುದಿಲ್ಲ.
ಬೋಸಿಯೊಳಗೆ ಅವಳ ಕೈ ನನ್ನ ಕೈಗೆ ತಾಗಿತು.
ನಾನು ಬೆಚ್ಚಲಿಲ್ಲ.
ಅವಳೂ ತೆಗೆಯಲಿಲ್ಲ.
ಕಾಳು ಮಾತ್ರ ಪುಳಕ್ಕನೆ ಹಾರಿ
ಮೇಡಮ್ಮಿನ ಕನ್ನಡಕಕ್ಕೆ ಬಡಿದು, ನಕ್ಕೆವು,
ನನ್ನ ನಗು ನನಗೇ ಗುರುತು ಸಿಗದಷ್ಟು ದಪ್ಪಗಿತ್ತು.

ಈಗಲೂ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ.
ಎದ್ದು ಚಿಲಕ ಮುಟ್ಟಿ ಬಂದು ಮಲಗುತ್ತೇನೆ.
ಎಣಿಸುವುದನ್ನೂ ಬಿಟ್ಟಿಲ್ಲ.
ಹೋದ ಗುರುವಾರ ಮಾತ್ರ ಹದಿನಾರೇ ಬಂತು.
ದೇವೀರಮ್ಮ ಹಿಂದಿನಿಂದ ಹತ್ತುತ್ತಿದ್ದಳು,
ಮಾತಿಗೆ ತಿರುಗಿದ್ದೆ,
ಯಾವುದೋ ಒಂದು ಮೆಟ್ಟಿಲನ್ನು
ಎಣಿಸದೆ ಹತ್ತಿಬಿಟ್ಟಿದ್ದೆ.