ಹಿಂದಿರುಗಿದ ಪಾರ್ಸೆಲ್ಲು

ಬಟವಾಡೆ ಪುಸ್ತಕದಲ್ಲಿ ಎರಡು ಸಹಿ ಹಾಕಿದೆ:
ಕೊಟ್ಟವಳು ನಾನೇ, ತೆಗೆದುಕೊಂಡವಳೂ ನಾನೇ,
ಎಸ್. ಸರ್ವಮಂಗಳ, ಕೊಡಿಗೇನಹಳ್ಳಿ ಅಂಚೆ ಕಚೇರಿ.
ತೂಕ ಒಂದೂವರೆ ಕೇಜಿ. ಹೋಗುವಾಗಲೂ ಅಷ್ಟೇ ಇತ್ತು.
ಒಳಗೆ ಲೆನ್ಸು, ಅದರ ಸೊಂಟಕ್ಕೆ ರಬ್ಬರ್ ಬ್ಯಾಂಡು, ಬ್ಯಾಂಡಿನಡಿ ಚೀಟಿ:
ಈ ಮಾದರಿಯ ತಯಾರಿಕೆ ನಿಂತು ಏಳು ವರ್ಷ ಕಳೆದಿದೆ,
ಬಿಡಿಭಾಗ ಸಿಗುವುದಿಲ್ಲ, ನಿಮ್ಮ ನಂಬಿಕೆಗೆ ಧನ್ಯವಾದ.
ಇಂಗ್ಲಿಷಿನಲ್ಲಿ. ಸಹಿ ಇಲ್ಲ.

ಏಳು ವರ್ಷ!
ಹಿಡಿದರೆ ಶನಿಯೇ ಏಳೂವರೆ ಇರುತ್ತಾನೆ,
ಕಂಪನಿಗೆ ಅಷ್ಟೂ ಪುರುಸೊತ್ತಿಲ್ಲ.
ಬೈಯುವ ಹಾಗೂ ಇಲ್ಲ ನಾನು.
ಬೀಗ ಹಾಕಿದ ಮನೆಯ ರಿಜಿಸ್ಟರ್ಡ್ ಕಾಗದವನ್ನು
ಏಳು ದಿನ ಇಟ್ಟುಕೊಂಡು, ಎಂಟನೆಯ ದಿನ
ಕೆಂಪು ಶಾಯಿಯಲ್ಲಿ ಗೀಚಿ ವಾಪಸ್ಸು ಕಳಿಸುವ ಕೈ ಇದೇ.

ಕೊರಟಗೆರೆಯ ಗವಿರಂಗಪ್ಪ ಸ್ಟುಡಿಯೋ ಮುಚ್ಚುವಾಗ
ಮೂರು ಕಂತಿನಲ್ಲಿ ಕೊಂಡದ್ದು.
ಮದುವೆಗಳಲ್ಲಿ ಇದಕ್ಕೆ ಕೆಲಸವೇ ಇರಲಿಲ್ಲವಂತೆ,
ಇಷ್ಟುದ್ದ ಚಾಚಿದರೆ ಧಾರೆ ಎರೆಯುವವರು ಬೆಚ್ಚುತ್ತಿದ್ದರಂತೆ.
ನನಗೆ ಬೇಕಿದ್ದದ್ದು ಮೈದನಹಳ್ಳಿಯ ಹುಲ್ಲು,
ಹುಲ್ಲಿನಾಚೆ ಕೃಷ್ಣಮೃಗ.
ಭಾನುವಾರ ಕೋಳಿ ಕೂಗುವ ಹೊತ್ತಿಗೆ
ಟರ್ಕಿ ಟವೆಲ್ಲು ಸುತ್ತಿ ಸ್ಕೂಟಿಯ ಕಾಲೆಡೆಯಲ್ಲಿ ಮಲಗಿಸಿಕೊಂಡರೆ
ನಮ್ಮತ್ತೆ ಒಳಗಿಂದಲೇ: "ಕೂಸಿಗೆ ಹಾಲು ಕುಡಿಸಿದ್ಯಾ?"

ತುಮಕೂರು ಮಂಡಿಪೇಟೆಯ ಅಮಾನುಲ್ಲಾ, ಗಡಿಯಾರದವರು,
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬಿಚ್ಚಿದರು.
ಒಳಗೊಂದು ಪಟ್ಟಿ, ತೆಂಗಿನಗರಿಯ ಸೀಳಿನಷ್ಟು ಸಪೂರ;
ಚಾಚಿ ಮಡಿಸಿ, ಚಾಚಿ ಮಡಿಸಿ, ಮಡಿಕೆಯಲ್ಲೇ ಬಿರುಕು.
"ಹಿತ್ತಾಳೆ ಆಗಿದ್ರೆ ಬೆಸುಗೆ ಹಾಕ್ತಿದ್ದೆ ಮೇಡಂ,
ಇದು ಕಾಗದದ ಜಾತಿ, ನಿಮ್ಮ ಇಲಾಖೆದು."
ಬೆಳಕಿಗೆ ಹಿಡಿದು ತಿರುಗಿಸಿದರು ತುಂಬ ಹೊತ್ತು.
"ಕಣ್ಣು ತೆರೆದೇ ಇದೆ. ಮುಚ್ಚೋಕೆ ಮಾತ್ರ ಆಗಲ್ಲ.
ಮುಚ್ಚು ಅಂತ ಕೇಳಬೇಡಿ. ಕೇಳದಿದ್ರೆ ಕೆಲಸ ಮಾಡುತ್ತೆ."
ದುಡ್ಡು ಬೇಡವೆಂದರು;
ಮೊಮ್ಮಗಳಿಗೊಂದು ಉಳಿತಾಯ ಖಾತೆಯ ಫಾರಂ ಕೇಳಿದರು.

ಕೇಳುವುದಿಲ್ಲ.
ಪೂರ್ತಿ ತೆರೆದ ಕಣ್ಣಿಗೆ ನಿಚ್ಚಳ ಸಿಗುವುದು
ಒಂದು ಗೇಣು, ಅಷ್ಟೂ ಇಲ್ಲ:
ಗಂಡಿನ ಎಡಗಿವಿ, ಅದರಂಚಿನ ಹರಕು,
ಹರಕಿಗೆ ಅಂಟಿದ ಹುಲ್ಲಿನ ಮುಳ್ಳು.
ಕೊಂಬು ಮೂರನೆಯ ಸುತ್ತಿಗಾಗಲೇ ಹೊಗೆ.
ಹಿಂದಿನ ಹಿಂಡು, ನೀಲಗಿರಿ ತೋಪು, ಲೈಟು ಕಂಬ
ಎಲ್ಲ ಕದಡಿದ ರಾಗಿ ಅಂಬಲಿ.

ಈ ಹರಕುಕಿವಿಯವನನ್ನು ಕಂದು ಮರಿಯಾಗಿದ್ದಾಗಿಂದ ಬಲ್ಲೆ.
ಈಗ ಬೆನ್ನು ಬಾಣಲೆಯ ತಳದಷ್ಟು ಕಪ್ಪು.
ಏಳಾಗಿರಬೇಕು ಅವನಿಗೂ.
ಯಾರೂ ಚೀಟಿ ಕಳಿಸಿದಂತಿಲ್ಲ.

ಮೊನ್ನೆ ತಲೆಯೆತ್ತಿ ನೇರ ಇತ್ತಲೇ ನೋಡಿದ.
ಯಾರು ಮೊದಲು ರೆಪ್ಪೆ ಬಡಿಯುತ್ತಾರೋ ಎಂದು
ಮೂವರೂ ಕಾದೆವು.
ಲೆನ್ಸಂತೂ ಮುಚ್ಚುವ ಪೈಕಿಯಲ್ಲ.
ನಾನೇ ಸೋತೆ.
ಧೂಳು.